ಅಸಿಮ್ಮೆಟ್ರಿ ಅಂದರೆ ಅಸಮಾನತೆಯೇ?

ಇಂಗ್ಲಿಷಿನ ‘ಅಸಿಮ್ಮೆಟ್ರಿ’ಗೆ ಕನ್ನಡದಲ್ಲಿ ‘ಅಸಮಾನತೆ’ ಅಂತ ಬರೆದರೆ ಸಾಕಾ, ಅದನ್ನು ಎಲ್ಲೆಲ್ಲಿ ಬಳಸುತ್ತಾರೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ಅಸಮಾನತೆ ಅಂದ ಕೂಡಲೇ ಯಾರಿಗೋ ಅನ್ಯಾಯ ಆಗಿದೆ ಅನ್ನಿಸುತ್ತದೆ, ಅಲ್ವಾ? ಈ ಪದದಲ್ಲಿ ಆ ದೂರು ಇರಲೇಬೇಕೆಂದಿಲ್ಲ.

ಮೂಲ ಗ್ರೀಕ್. ‘ಸಿನ್’ ಅಂದರೆ ಜೊತೆ, ‘ಮೆಟ್ರಾನ್’ ಅಂದರೆ ಅಳತೆ. ಪದದ ಮೊದಲಿಗಿರುವ ‘ಅ’ ನಮ್ಮ ‘ಅಸತ್ಯ’ದಲ್ಲಿರುವ ‘ಅ’ದ ಹಾಗೆಯೇ ‘ಇಲ್ಲ’ ಅನ್ನುತ್ತದೆ. ಕನ್ನಡದಲ್ಲಿ ನಾನು ‘ಅಸಮ್ಮಿತಿ’ ಅಂತ ಬರೆಯುತ್ತೇನೆ.

ಗುರುತಿಸುವುದು ಸುಲಭ. ಎರಡು ಕಡೆಗಳನ್ನು ಅದಲು ಬದಲು ಮಾಡಿ ನೋಡಿ. ಮೊದಲಿನಂತೆಯೇ ಉಳಿದರೆ ಸಮ್ಮಿತಿ, ಇಲ್ಲದಿದ್ದರೆ ಅಸಮ್ಮಿತಿ. ಸೊನ್ನೆ ಕನ್ನಡಿಯಲ್ಲೂ ಸೊನ್ನೆಯೇ. ‘ಅ’ ಮಾತ್ರ ತಿರುವುಮುರುವು.

ಆಕಾರಕ್ಕಷ್ಟೇ ಅಲ್ಲ, ಸಂಬಂಧಕ್ಕೂ ಇದು ಹೊಂದುತ್ತದೆ. ನಾನು ನಿಮಗೆ ನೆಂಟ ಅಂದರೆ ನೀವೂ ನನಗೆ ನೆಂಟರೇ. ಆದರೆ ಅವಳು ಇವನ ತಾಯಿ ಅಂದರೆ ಇವನು ಅವಳ ತಾಯಿ ಆಗುವುದಿಲ್ಲ! ಗಣಿತದಲ್ಲಿ ಇಂಥದ್ದನ್ನೇ ಅಸಮ್ಮಿತ ಸಂಬಂಧ ಅನ್ನುತ್ತಾರೆ.

ಈಗ ಜಾಸ್ತಿ ಕೇಳಿಬರುವುದು ‘ಮಾಹಿತಿಯ ಅಸಮ್ಮಿತಿ’. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರಾಟವನ್ನು ಇಟ್ಟುಕೊಂಡು ಇದನ್ನು ವಿವರಿಸಿದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಯಾವುದಕ್ಕೂ ಇರಲಿ ಅಂತ ಕೊಳ್ಳುವವನು ಕಡಿಮೆ ಬೆಲೆಗೇ ಕೇಳುತ್ತಾನೆ. ಒಳ್ಳೆ ಕಾರು ಇಟ್ಟುಕೊಂಡವನು ಆ ಬೆಲೆಗೆ ಕೊಡಲಾರೆ ಅಂತ ಹಿಂದೆ ಸರಿಯುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚಾಗುತ್ತವೆ. ಬೆಲೆ ಇನ್ನೂ ಇಳಿಯುತ್ತದೆ. 2001ರಲ್ಲಿ ಅವರಿಗೂ ಮೈಕಲ್ ಸ್ಪೆನ್ಸ್, ಜೋಸೆಫ್ ಸ್ಟಿಗ್ಲಿಟ್ಜ್ ಅವರಿಗೂ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಈ ಬಗೆಯ ಕೆಲಸಕ್ಕೇ. ಇಲ್ಲಿ ‘ಮಾಹಿತಿ ಸಮವಾಗಿಲ್ಲ’ ಅಂತ ಸುಮ್ನೆ ಬರೆದರೆ ಸಾಲದು. ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದೇ ಮುಖ್ಯ. ಇಬ್ಬರನ್ನು ಅದಲು ಬದಲು ಮಾಡಿದರೆ ಕಥೆಯೇ ಬೇರೆ.

ಕಂಪ್ಯೂಟರ್ ಗೂಢಲಿಪಿಯಲ್ಲೂ ಈ ಪದವಿದೆ. ಅಸಮ್ಮಿತ ವಿಧಾನದಲ್ಲಿ ಸಂದೇಶಕ್ಕೆ ಬೀಗ ಹಾಕುವ ಕೀ ಒಂದು, ತೆಗೆಯುವ ಕೀ ಇನ್ನೊಂದು. ಅದಕ್ಕೇ ಆ ಹೆಸರು.

ಕೆಲವರು ‘ಅಸಮತೋಲನ’ ಅಂತ ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ತಕ್ಕಡಿ ವಾಲಿದೆ, ಸರಿ ಮಾಡಿ ಅನ್ನುವ ಧಾಟಿ ಅದರಲ್ಲಿದೆ. ನಮ್ಮ ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ಇದರಲ್ಲಿ ಸರಿ ಮಾಡುವುದೇನಿದೆ? ಕಣಜ ಗೂಬೆಯದು ಇನ್ನೂ ಚೆಂದ. ಅದರ ಒಂದು ಕಿವಿಯ ತೂತು ಇನ್ನೊಂದಕ್ಕಿಂತ ಮೇಲಿದೆ. ಹಾಗಾಗಿ ಸದ್ದು ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ಅದಕ್ಕೆ ತಿಳಿಯುತ್ತದೆ. ಕಗ್ಗತ್ತಲಲ್ಲೂ ಇಲಿ ಹಿಡಿಯುತ್ತದೆ.