ಹೊರಗಿನವರು ಜಾಗ ಕೊಂಡು ಊರು ಒಡೆಯಿತು, ನಾವೂ ತೋಟ ಮಾರಿ ಹೊರಡಬೇಕೇ?

ಗೋಕರ್ಣದ ಸುತ್ತ ಹೊರಗಿನವರು ಕಾಂಪೌಂಡು ಎಬ್ಬಿಸುತ್ತಿದ್ದಾರೆ, ಮೊದಲಿನ ಒಗ್ಗಟ್ಟು ಉಳಿದಿಲ್ಲ, ರಸ್ತೆಬದಿಯ ತೋಟಕ್ಕೆ ಒಳ್ಳೆಯ ಬೆಲೆ ಬಂದಿದೆ, ಮಾರಿ ಕುಮಟೆಗೆ ಹೋಗೋಣವೇ ಎಂದು ಕೇಳಿದ್ದೀರಿ. ನಾನು ಮಾರಿದವನು. ಹೇಳುತ್ತೇನೆ ಕೇಳಿ.

ನಮ್ಮದು ಗೋಕರ್ಣದಿಂದ ತದಡಿಗೆ ಹೋಗುವ ರಸ್ತೆಯ ಕಡೆಯ ಹಳ್ಳಿ. ರಸ್ತೆಗೆ ತಾಗಿ ನಮ್ಮ ತೆಂಗಿನ ತೋಟ, ತೋಟದ ಹಿಂದೆ ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪ, ಅದರಾಚೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ಕೊಪ್ಪದವರು ರಸ್ತೆಗೆ ಬರುತ್ತಿದ್ದದ್ದು ನಮ್ಮ ತೋಟದ ನಡುವಿನ ಕಾಲುದಾರಿಯಲ್ಲಿ. ಹೆಂಗಸರು ಹರಿವೆ, ಬಸಳೆ, ಮೊಗೆಕಾಯಿಯ ಬುಟ್ಟಿ ಹೊತ್ತು ಬೆಳಗಿನ ಬಸ್ಸಿಗೆ ಬರುತ್ತಿದ್ದದ್ದೂ, ಮಕ್ಕಳು ಶಾಲೆಗೆ ಓಡುತ್ತಿದ್ದದ್ದೂ ಅಲ್ಲಿಯೇ. ದಾರಿಯ ನಡುವೆ ಒಂದು ತೋಡು, ಅದಕ್ಕೆ ಅಡ್ಡವಾಗಿ ಅಡಿಕೆ ಮರದ ಸಂಕ. ಸಂಕದ ವಿಷಯ ಮುಂದೆ ಬರುತ್ತದೆ.

2020ರವರೆಗೆ ನಮ್ಮ ರಾಜ್ಯದಲ್ಲಿ ಕೃಷಿಭೂಮಿ ಕೊಳ್ಳಬೇಕಾದರೆ ಕೃಷಿಕನಾಗಿರಬೇಕಿತ್ತು, ಬೇರೆ ಆದಾಯಕ್ಕೂ ಮಿತಿ ಇತ್ತು. ಆ ವರ್ಷ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಮೊದಲು ಬೇನಾಮಿಯಾಗಿ ನಡೆಯುತ್ತಿದ್ದದ್ದು ಆಮೇಲೆ ರಾಜಾರೋಷವಾಗಿ ನಡೆಯಿತು. ನನ್ನ ಬಳಿಗೂ ದಲ್ಲಾಳಿ ಬಂದ. ತಂಗಿಯ ಮದುವೆಯ ಸಾಲವಿತ್ತು, ತೆಂಗಿಗೆ ರೋಗವಿತ್ತು, ಒಪ್ಪಿದೆ. ಪತ್ರ ಬರೆಯುವವರು ಚಕ್ಕುಬಂದಿ, ಅಂದರೆ ಜಾಗದ ನಾಲ್ಕು ಎಲ್ಲೆ, ಬರೆಸುವಾಗ "ಒಳಗೆ ದಾರಿ ಏನಾದರೂ ಇದೆಯೇ?" ಎಂದು ಕೇಳಿದರು. ದಲ್ಲಾಳಿ ನನಗಿಂತ ಮೊದಲೇ ಬಾಯಿ ಹಾಕಿ, ಗ್ರಾಮ ನಕಾಶೆಯಲ್ಲಿ ಇಲ್ಲದ ದಾರಿಯನ್ನು ಪತ್ರಕ್ಕೇಕೆ ತರುತ್ತೀರಿ, ಬೆಲೆ ಬಿದ್ದುಹೋಗುತ್ತದೆ ಎಂದ. ನಾನು ಸುಮ್ಮನಿದ್ದೆ.

ಮಳೆಗಾಲ ಮುಗಿಯುತ್ತಲೇ ಚಿರೇಕಲ್ಲಿನ ಗೋಡೆ ಎದ್ದಿತು. ಆಳೆತ್ತರ, ಮೇಲೆ ಗಾಜಿನ ಚೂರು. ಸಂಕವನ್ನು ಜೆಸಿಬಿ ಎತ್ತಿ ಪಕ್ಕಕ್ಕೆ ಎಸೆಯಿತು. ಈಗ ಕೊಪ್ಪದವರು ಗಜನಿಯ ಕಟ್ಟೆಯ ಮೇಲೆ ಸುತ್ತು ಹಾಕಿ ರಸ್ತೆಗೆ ಬರುತ್ತಾರೆ. ಆಷಾಢದಲ್ಲಿ ಆ ಕಟ್ಟೆಯ ಮೇಲೆ ಕಾಲಿಟ್ಟವರಿಗೆ ಅದರ ಕೆಸರು ಎಂಥದ್ದೆಂದು ಗೊತ್ತು. ಆಟೊ ಬರುವುದಿಲ್ಲ, ಸಿಲಿಂಡರು ಬರುವುದಿಲ್ಲ, ಕಾಯಿಲೆಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕು.

ದಾರಿಯನ್ನು ಪತ್ರದಲ್ಲಿ ಬರೆಸದೇ ಹೋದದ್ದೇ ನನ್ನ ತಪ್ಪು ಎಂದು ಊರಿನವರು ಹೇಳುತ್ತಾರೆ. ಅದು ತಪ್ಪೇ, ಆದರೆ ತಿದ್ದಬಹುದಾದ ತಪ್ಪು. ಕೊಪ್ಪದವರು ದಾವೆ ಹಾಕಿದ್ದರು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಬೇರೆಯವರ ಜಾಗದಲ್ಲಿ ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದವರಿಗೆ ಆ ದಾರಿಯ ಮೇಲೆ ಕಾಯಂ ಹಕ್ಕು ಬರುತ್ತದೆ. ಜಾಗದ ಒಡೆಯ ಯಾರೇ ಆದರೂ ಅದು ಉಳಿಯುತ್ತದೆ. ಅವರು ಮೂರು ತಲೆಮಾರಿನಿಂದ ನಡೆದವರು. ಗೆಲ್ಲುವ ಪ್ರಕರಣ ಎಂದೇ ಅವರ ವಕೀಲರು ಹೇಳಿದ್ದರು. ಹಳೆಯ ಒಡೆಯ ಎಂದು ನನ್ನನ್ನು ಸಾಕ್ಷಿಗೆ ಕರೆದರು, ಅವರ ಪರವಾಗಿಯೇ.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ, "ನಮ್ಮ ಅಪ್ಪ ದೊಡ್ಡ ಮನಸ್ಸಿನವರು, ಪಾಪದ ಜನ ಎಂದು ಅವರಿಗೆ ಓಡಾಡಲು ಬಿಟ್ಟಿದ್ದರು" ಎಂದು ಹೇಳಿದೆ.

ಎದುರು ಪಕ್ಷದ ವಕೀಲರು ಅದನ್ನು ಇನ್ನೊಮ್ಮೆ ಹೇಳಿಸಿದರು. ನಾನು ಇನ್ನಷ್ಟು ಅಭಿಮಾನದಿಂದ ಹೇಳಿದೆ. ಅಲ್ಲಿಗೆ ಮುಗಿಯಿತು. ಒಡೆಯನ ಅನುಮತಿಯಿಂದ ನಡೆದರೆ ಇಪ್ಪತ್ತಲ್ಲ, ನೂರು ವರ್ಷ ನಡೆದರೂ ಹಕ್ಕಾಗುವುದಿಲ್ಲ. ಅನುಮತಿ ಕೊಟ್ಟವನು ಹಿಂದಕ್ಕೆ ಪಡೆಯಬಹುದು, ಕೊಂಡವನೂ ಪಡೆಯಬಹುದು. ಬೇರೆ ಯಾರು ಹೇಳಿದ್ದರೂ ನಿಲ್ಲುತ್ತಿರಲಿಲ್ಲವೇನೋ, ಒಡೆಯನ ಮಗನೇ ಹೇಳಿದ್ದರಿಂದ ನಿಂತಿತು. ತಮಾಷೆ ಎಂದರೆ ನಾನು ಹೇಳಿದ್ದು ನಿಜವೂ ಅಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಆ ಸಂಕವನ್ನು ಬದಲಿಸುತ್ತಿದ್ದವರು ಕೊಪ್ಪದವರು. ಮರ ಅವರದು, ಕೆಲಸ ಅವರದು, ಒಮ್ಮೆಯೂ ನಮ್ಮನ್ನು ಕೇಳಿದವರಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ದನ ಬರುತ್ತದೆಂದು ದಾರಿಗೆ ದಣಪೆ ಹಾಕಿಸಿದ್ದರು. ಕೊಪ್ಪದ ಹಿರಿಯರು ಅಂಗಳಕ್ಕೆ ಬಂದು, "ಇದು ನಿಮ್ಮ ಕಾಲಕ್ಕಿಂತ ಮೊದಲಿನ ದಾರಿ" ಎಂದು ಹೇಳಿ, ಅಪ್ಪನ ಕಣ್ಣೆದುರೇ ಗಳುಗಳನ್ನು ಕಿತ್ತು ಬದಿಗಿಟ್ಟರು. ಅಪ್ಪ ತುಟಿ ಬಿಚ್ಚಲಿಲ್ಲ. ಹಕ್ಕಿನಿಂದ ನಡೆದರು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ನನಗೆ ಅದು ನೆನಪಿತ್ತು. ಅಪ್ಪ ಸೋತ ಕಥೆಯನ್ನು ತುಂಬಿದ ಕೋರ್ಟಿನಲ್ಲಿ ಹೇಳುವುದಕ್ಕಿಂತ ಅಪ್ಪ ಉದಾರಿಯಾಗಿದ್ದ ಕಥೆ ಹೇಳುವುದು ನನಗೆ ಹಿತವಾಗಿತ್ತು, ಅಷ್ಟೇ.

ಅಪ್ಪನೇ ಗೇಣಿದಾರರಾಗಿದ್ದವರು. ನಾವು ನಾಮಧಾರಿ ಜಾತಿಯವರು, ಆ ತೋಟ ಗೋಕರ್ಣದ ಒಡೆಯರದಾಗಿತ್ತು. 1974ರ ಮಾರ್ಚ್ ಒಂದರಿಂದ ಗೇಣಿ ಪದ್ಧತಿ ರದ್ದಾದಾಗ ಅಪ್ಪ ತೋಟ ತನ್ನ ಹೆಸರಿಗಾಗಬೇಕೆಂದು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಹಾಕಿದರು. ಭೂನ್ಯಾಯಮಂಡಳಿಯ ಎದುರು ಒಡೆಯರು ಹೇಳಿದ್ದೇನು ಗೊತ್ತೇ? "ಗೇಣಿ ಎಲ್ಲಿಯದು, ಪಾಪ ಎಂದು ನೋಡಿಕೊಂಡಿರಲು ಬಿಟ್ಟಿದ್ದೆ." ಅಪ್ಪ ತಗಡಿನ ಪೆಟ್ಟಿಗೆಯಿಂದ ಗೇಣಿ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ತೋಟ ನಮ್ಮದಾಯಿತು. 1940ರ ದಶಕದಲ್ಲಿ ಗೇಣಿದಾರರನ್ನು ಸಂಘಟಿಸಿ ಜಿಲ್ಲೆಯಿಂದ ಗಡೀಪಾರಾದ ದಿನಕರ ದೇಸಾಯಿಯವರ ಹೆಸರು ಹೇಳುವಾಗ ಅಪ್ಪ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಅಂಥ ಅಪ್ಪನ ಮಗ ಕಟಕಟೆಯಲ್ಲಿ ನಿಂತು ಒಡೆಯರ ಮಾತನ್ನೇ ಆಡಿದ.

ಆದ್ದರಿಂದ, ಹೊರಗಿನವರಿಂದ ಊರು ಒಡೆಯಿತು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅದೇ 1974ರಲ್ಲಿ ಕೊಪ್ಪದ ಎಷ್ಟೋ ಮನೆಯವರು ಅರ್ಜಿಯನ್ನೇ ಹಾಕಲಿಲ್ಲ. ಅವರ ಬಳಿ ಚೀಟಿ ಇರಲಿಲ್ಲ, ನಮೂನೆ ತುಂಬಿಸಿಕೊಡುವವರೂ ಇರಲಿಲ್ಲ. ಅಪ್ಪ ತುಂಬಿಸಿಕೊಡಬಹುದಿತ್ತು. ನಾವು ರಸ್ತೆಬದಿಯವರಾದೆವು, ಅವರು ಹಿಂಬದಿಯವರಾಗಿ ಉಳಿದರು. ಕೊಯ್ಲಿಗೆ ಬಂದರೆ ಅವರಿಗೆ ಊಟ ಹಿತ್ತಿಲಲ್ಲಿ, ಮಾತುಕತೆ ಅಂಗಳದಲ್ಲಿ. ಜಗುಲಿ ಹತ್ತಿದ್ದನ್ನು ನಾನು ಕಂಡಿಲ್ಲ. ನೀವು ಒಗ್ಗಟ್ಟು ಎಂದು ನೆನಪಿಟ್ಟುಕೊಂಡದ್ದು ಇದನ್ನೇ ಇರಬೇಕು. ಕೊಂಡವನು ಬೆಂಗಳೂರಿನಿಂದ ಬಂದು ಹೊಸ ಗಡಿಯನ್ನೇನೂ ಕಂಡುಹಿಡಿಯಲಿಲ್ಲ, ನಮ್ಮ ಗಡಿಯ ಮೇಲೆಯೇ ಕಲ್ಲು ಜೋಡಿಸಿದ.

ತೀರ್ಪಿನ ನಂತರ ನಾನು ಮನೆಯ ಬಡಗುದಿಕ್ಕಿನಿಂದ ದಾರಿ ಕೊಡುತ್ತೇನೆ ಎಂದು ಕೊಪ್ಪಕ್ಕೆ ಹೋದೆ. ತರಕಾರಿ ಮಾರುವ ಅಜ್ಜಿಯೊಬ್ಬರು ಬಸಳೆಯ ಕಟ್ಟು ಕಟ್ಟುತ್ತಾ ತಲೆ ಎತ್ತದೆ ಕೇಳಿದರು: "ಇದನ್ನೂ ಬಿಟ್ಟುಕೊಡುವುದೋ ತಮ್ಮಾ, ಬರೆದುಕೊಡುವುದೋ?" ಬರೆದುಕೊಡುವುದಕ್ಕೆ ಅಣ್ಣ ಒಪ್ಪುತ್ತಿಲ್ಲ, ಮನೆ ಇಬ್ಬರ ಹೆಸರಿನಲ್ಲಿದೆ. ಈಗ ಕೊಪ್ಪದವರು ಮೇಲ್ಮನವಿ ಹಾಕಿದ್ದಾರೆ. ನನ್ನ ಗಜನಿಯ ಕಗ್ಗ ಭತ್ತ ಕೊಯ್ಯಲು ಯಾರೂ ಬರುವುದಿಲ್ಲ, ಗದ್ದೆ ಬೀಳು ಬಿದ್ದಿದೆ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ.

ಮಾರುವುದೋ ಬಿಡುವುದೋ ಎಂಬುದು ನಿಮ್ಮ ಸಾಲ, ನಿಮ್ಮ ಮಕ್ಕಳು ನೋಡಿಕೊಂಡು ನಿರ್ಧರಿಸಬೇಕಾದದ್ದು. ಅದರಲ್ಲಿ ಪಾಪಪುಣ್ಯ ಹುಡುಕಬೇಡಿ. ಆದರೆ ಮುಂಗಡ ಮುಟ್ಟುವ ಮೊದಲು ತೋಟದೊಳಗೆ ಒಮ್ಮೆ ನಡೆದು ಬನ್ನಿ. ಹುಲ್ಲು ಸವೆದಿರುವ ಕಡೆ ಯಾರು ನಡೆಯುತ್ತಾರೆ ಎಂದು ನಿಮಗೆ ಗೊತ್ತೇ ಇರುತ್ತದೆ. ಸರ್ವೇಯರನ್ನು ಕರೆಸಿ ನಕ್ಷೆ ಮಾಡಿಸಿ. ಆ ಮನೆಯವರ ಹೆಸರಿಗೆ ದಾರಿಯ ಹಕ್ಕಿನ ಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಆಂಬುಲೆನ್ಸ್ ಹೋಗುವಷ್ಟು ಅಗಲ ಇರಲಿ. ಪತ್ರದಲ್ಲಿ "ದಯಾಪೂರ್ವಕ" ಎಂಬಂಥ ಮಾತು ಎಲ್ಲೂ ಬೇಡ, ಮೊದಲಿನಿಂದಲೂ ಅವರ ಹಕ್ಕೇ ಇತ್ತು ಎಂದೇ ಬರೆಸಿ. ಆಮೇಲೆ ಕೊಳ್ಳುವವನಿಗೆ ಆ ಪತ್ರ ತೋರಿಸಿ, ನಿಮ್ಮ ಕ್ರಯಪತ್ರದ ಚಕ್ಕುಬಂದಿಯಲ್ಲೂ ಅದನ್ನು ಸೇರಿಸಿ. ಅವನು ಬೆಲೆ ಇಳಿಸುತ್ತಾನೆ, ಇಳಿಸಲಿ. ದಾರಿ ಇದ್ದರೆ ಬೇಡವೇ ಬೇಡ ಎಂದರೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕಿ, ಗೋಕರ್ಣದ ಸುತ್ತ ಕೊಳ್ಳುವವರಿಗೇನೂ ಬರವಿಲ್ಲ.