ಮರಣ ದಾಖಲೆಯಿಂದ ಹಿಂದಕ್ಕೆ ಹೋಗಿ

ಪ್ರಶ್ನೆ: ನನ್ನ ಪತಿ ಸ್ಕಾಟ್ಲೆಂಡಿನವರು. ಮಕ್ಕಳಿಗಾಗಿ ಅವರ ಮನೆತನದ ವಂಶವೃಕ್ಷ ಬರೆಯಬೇಕು. ಮುತ್ತಜ್ಜನ ಹೆಸರು, ಇನ್ವರ್ನೆಸ್ ಕಡೆಯವರು ಎನ್ನುವುದು ಬಿಟ್ಟರೆ ಏನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಗ್ಲಾಸ್ಗೋ

ಉತ್ತರ: ಮೊದಲು ಹಿರಿಯರನ್ನು ಮಾತಾಡಿಸಿ, ಕಡತ ಎಲ್ಲಿಗೂ ಹೋಗುವುದಿಲ್ಲ. ಅಜ್ಜಿಯರ ತವರಿನ ಅಡ್ಡಹೆಸರು, ಗಂಡಸರ ಕಸುಬು, ಹೋಗುತ್ತಿದ್ದ ಚರ್ಚು, ಇವು ಮುಖ್ಯ. ಫೋಟೋಗಳ ಹಿಂಬದಿಯನ್ನೂ ಮನೆಯ ಬೈಬಲ್ಲಿನ ಮೊದಲ ಹಾಳೆಗಳನ್ನೂ ನೋಡಿ.

ಆಮೇಲೆ ಸ್ಕಾಟ್ಲೆಂಡ್ಸ್‌ಪೀಪಲ್, ಅಂದರೆ ಸ್ಕಾಟ್ಲೆಂಡ್ ಸರ್ಕಾರದ ಹಳೆಯ ದಾಖಲೆಗಳ ಜಾಲತಾಣ. ಅಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಹೆಸರು ಹುಡುಕಲು ಹಣ ಬೇಕಿಲ್ಲ, ದಾಖಲೆಯ ಚಿತ್ರ ತೆರೆಯಲು ಬೇಕು. ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ದಾಟಿದ್ದರಷ್ಟೇ ಚಿತ್ರ ಆನ್‌ಲೈನಿನಲ್ಲಿ ಸಿಗುತ್ತದೆ. ಈಚಿನದಕ್ಕೆ ಅಧಿಕೃತ ಪ್ರತಿ ತರಿಸಿ.

ಎಲ್ಲರೂ ಜನನ ದಾಖಲೆ ಹುಡುಕುತ್ತಾರೆ. ನೀವು ಮರಣದ್ದನ್ನು ಮೊದಲು ತೆಗೆಯಿರಿ. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ತಂದೆಯ ಹೆಸರು, ಕಸುಬು, ತಾಯಿಯ ತವರಿನ ಅಡ್ಡಹೆಸರು ಇರುತ್ತವೆ. 1856ರಲ್ಲಿ 80ರ ವಯಸ್ಸಿಗೆ ತೀರಿಕೊಂಡ ಮುದುಕಿಯೊಬ್ಬಳ ದಾಖಲೆ ನಿಮ್ಮನ್ನು 1770ರ ದಶಕದ ದಂಪತಿಗೆ ಮುಟ್ಟಿಸುತ್ತದೆ! ಆದರೆ ಮಾಹಿತಿ ಕೊಟ್ಟವರು ಯಾರೆಂದು ತಪ್ಪದೇ ನೋಡಿ. ಮಗ ಹೇಳಿದ್ದರೆ ನಂಬಬಹುದು. ಅಳಿಯನೋ ನೆರೆಯವನೋ ಹೇಳಿದ್ದರೆ ಸತ್ತವರ ತಾಯಿಯ ಹೆಸರೇ ತಪ್ಪಿರಬಹುದು. ಒಡಹುಟ್ಟಿದವರ ಮರಣ ದಾಖಲೆಯೊಡನೆ ತಾಳೆ ನೋಡಿ.

ಪ್ರಶ್ನೆ: 1855ಕ್ಕಿಂತ ಹಿಂದೆ ಹೋಗಲು ಆಗುತ್ತಿಲ್ಲ. 1841ರ ಜನಗಣತಿಯ ವಯಸ್ಸೂ ಹೊಂದುತ್ತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಆ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದರು, 39ರವರು 35 ಆದರು. ಸಂಬಂಧವನ್ನೂ ಬರೆಯಲಿಲ್ಲ. 1851ರದ್ದು ತೆಗೆಯಿರಿ. ಅದರಲ್ಲಿ ವಯಸ್ಸು, ಸಂಬಂಧ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಮೂರೂ ಇವೆ. ಪ್ಯಾರಿಷ್ ಗೊತ್ತಾಯಿತೆಂದರೆ ಅಲ್ಲಿನ ಚರ್ಚ್ ಆಫ್ ಸ್ಕಾಟ್ಲೆಂಡ್ ರಿಜಿಸ್ಟರಿನಲ್ಲಿ ದೀಕ್ಷಾಸ್ನಾನ ಹುಡುಕಿ.

ಸಿಗದಿದ್ದರೆ ಹೆದರಬೇಡಿ, ಬರೆಸುವುದು ಕಡ್ಡಾಯವಿರಲಿಲ್ಲ. 1843ರಲ್ಲಿ ಚರ್ಚ್ ಒಡೆದು ಫ್ರೀ ಚರ್ಚ್ ಆದಾಗ ಹಲವು ಕುಟುಂಬಗಳು ಅಲ್ಲಿಗೆ ಹೋದವು. ಅವರ ರಿಜಿಸ್ಟರು ಬೇರೆ. ಕ್ಯಾಥೊಲಿಕರದೂ ಬೇರೆ. ಅಡ್ಡಹೆಸರು ಮ್ಯಾಕ್‌ನಿಂದ ಶುರುವಾದರೆ Mac, Mc ಎರಡೂ ಕಾಗುಣಿತದಲ್ಲಿ ಹುಡುಕಿ.

ಮಕ್ಕಳ ಹೆಸರೂ ದಾರಿ ತೋರುತ್ತದೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು, ಮೊದಲ ಮಗಳಿಗೆ ತಾಯಿಯ ತಾಯಿಯದು ಇಡುವ ರೂಢಿಯಿತ್ತು. ಇದು ಸುಳಿವು ಮಾತ್ರ, ಪುರಾವೆಯಲ್ಲ. ತಂದೆಯ ಹೆಸರೇ ಇಲ್ಲದ ಮಗುವಾದರೆ ಕರ್ಕ್ ಸೆಷನ್, ಅಂದರೆ ಊರಿನ ಚರ್ಚಿನ ಹಿರಿಯರ ಸಭೆಯ ನಡಾವಳಿ ಓದಿ. ತಂದೆ ಯಾರೆಂದು ಚರ್ಚಿನ ಹಿರಿಯರು ತಾಯಿಯನ್ನು ವಿಚಾರಿಸಿದ ಬರಹ ಅಲ್ಲಿ ಸಿಗಬಹುದು.