ಸಾಂಧಣ ದರಿಗೆ ಮಗಳ ಜೊತೆ ಹೋಗಬಹುದೇ? ಹೋಗಬಹುದು, ಆದರೆ ಅರ್ಧ

ಡಿಸೆಂಬರ್‌ನಲ್ಲಿ ಪುಣೆಯಿಂದ ಸಾಂಧಣ ದರಿಗೆ (ಭಂಡಾರದರಾ ಹತ್ತಿರದ ಕಿರಿದಾದ, ಆಳವಾದ ಕಲ್ಲಿನ ಸಂದಿ) ಒಂದೇ ದಿನದಲ್ಲಿ ಹೋಗಿ ಬರಬಹುದೇ, ಜೊತೆಗೆ 11 ವರ್ಷದ ಮಗಳಿದ್ದಾಳೆ, ಹಗ್ಗ ಬೇಕೇ ಎಂದು ಕೇಳಿದ್ದೀರಿ. ಪುಣೆಯ ಹಡಪ್ಸರ್‌ನಿಂದ ನಾವು ಮೂರು ಸಲ ಹೋಗಿದ್ದೇವೆ. ಅದರಲ್ಲಿ ಎರಡು ಸಲ ಅರ್ಧಕ್ಕೇ ವಾಪಸ್. ಅದರ ಬಗ್ಗೆ ಒಂದಿಷ್ಟೂ ಬೇಜಾರಿಲ್ಲ.

ದಾರಿ ಸುಲಭ. ನಾಸಿಕ್ ರಸ್ತೆಯಲ್ಲಿ ಆಳೇಫಾಟಾ, ಸಂಗಮನೇರ್, ಆಮೇಲೆ ಅಕೋಲೆ, ರಾಜೂರ್, ಭಂಡಾರದರಾ ದಾಟಿ ಸಾಮ್ರದ್ ಹಳ್ಳಿ. ಐದು ತಾಸಂತೂ ಬೇಕು. ಬೆಳಗಿನ ಜಾವ ಮೂರಕ್ಕೆ ಹೊರಡಿ, ಇಲ್ಲವೇ ಹಿಂದಿನ ರಾತ್ರಿ ಸಾಮ್ರದ್‌ನಲ್ಲೇ ಉಳಿಯಿರಿ. ಮಗು ಇರುವಾಗ ಎರಡನೆಯದೇ ವಾಸಿ. ಊಟಕ್ಕೆ ಪಿಠಲೆ-ಭಾಕ್ರಿ, ಅಂದರೆ ಜುಣಕ-ರೊಟ್ಟಿ, ಸಿಗುತ್ತದೆ. ನಮ್ಮ ಉತ್ತರ ಕರ್ನಾಟಕದವರಿಗೆ ಅದೇನು ಹೊಸದಲ್ಲ, ಅಲ್ವಾ!

ಹಳ್ಳಿ ದಾಟಿದರೆ ನೆಲವೇ ಸೀಳಿದ ಹಾಗೆ ಸಂದಿ ಶುರು. ಎರಡೂ ಕಡೆ ಕಪ್ಪು ಬಸಾಲ್ಟ್ ಗೋಡೆ, ಆಳ ಸುಮಾರು 200 ಅಡಿ. ಕೆಲವು ಕಡೆ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಅಲ್ಲಿ ಬಿಸಿಲು ಬೀಳುವುದು ನಡುಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಆರಂಭದಲ್ಲೇ ಸಿಗುವ ಎರಡು ಹೊಂಡಗಳ ನೀರು ಡಿಸೆಂಬರ್‌ನಲ್ಲಿ ಐಸು. ಒಂದು ಮೊಣಕಾಲಿನಷ್ಟು, ಇನ್ನೊಂದು ಸೊಂಟ ದಾಟಬಹುದು. ಆ ವರ್ಷದ ಮಳೆ ನೋಡಿಕೊಂಡು ಊರಿನವರು ಸರಿಯಾಗಿ ಹೇಳುತ್ತಾರೆ. ಅವರಲ್ಲೇ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಳಗೆ ಫೋನ್ ಹಿಡಿಯುವುದಿಲ್ಲ.

ಈಗ ಹಗ್ಗದ ವಿಷಯ. ಬಂಡೆಗಳ ಮೇಲೆ ಹತ್ತಿ ಇಳಿದು ಒಂದೂವರೆ ತಾಸು ನಡೆದರೆ ಮೊದಲ ಇಳಿಜಾರು ಬರುತ್ತದೆ, ಸುಮಾರು 45 ಅಡಿ, ನೆಟ್ಟಗೆ. ಹಗ್ಗ, ಹಾರ್ನೆಸ್ (ಹಗ್ಗಕ್ಕೆ ಸಿಕ್ಕಿಸಲು ಸೊಂಟ-ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್, ತಿಳಿದ ತಂಡ, ಇಷ್ಟಿಲ್ಲದೆ ಅದನ್ನು ಮುಟ್ಟಲೇಬೇಡಿ. ಇಳಿದ ಮೇಲೆ ಬಂದ ದಾರಿಯಲ್ಲಿ ಮರಳುವ ಹಾಗಿಲ್ಲ. ಕೆಳಗೆ ಕೊಂಕಣದ ಡೆಹಣೆ ಕಡೆ ಹೊರಬೀಳುತ್ತೀರಿ, ಕಾರು ಮಾತ್ರ ಮೇಲೆ ಸಾಮ್ರದ್‌ನಲ್ಲಿ! ಕರೋಲಿ ಘಾಟ್ ಹತ್ತಿ ವಾಪಸ್ ಬರಬೇಕು. ಮಗುವಿಗೆ ಒಂದು ದಿನದಲ್ಲಿ ಅದು ಜಾಸ್ತಿಯಾಯಿತು. ಮೊದಲ ಇಳಿಜಾರಿನ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿ, ಒಂದು ಗಂಟೆಗೆ ತಿರುಗಿ. ಸಂದಿಯ ಚೆಂದವೆಲ್ಲ ಈ ಅರ್ಧದಲ್ಲೇ ಇದೆ.

ಶೂ ಬಗ್ಗೆ ನನ್ನದೇ ಕಥೆ. ಎರಡು ವರ್ಷ ಕಪಾಟಿನಲ್ಲಿ ಸುಮ್ನೆ ಇದ್ದ ದುಬಾರಿ ಟ್ರೆಕ್ಕಿಂಗ್ ಶೂ ಹಾಕಿಕೊಂಡು ಹೋಗಿದ್ದೆ. ನೋಡಲು ಹೊಸದರಂತೆಯೇ ಇತ್ತು. ಎರಡನೇ ಹೊಂಡ ದಾಟಿದ್ದೇ ತಡ, ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು. ಒಳಗಿನ ಫೋಮ್ ಹಳೇ ರಸ್ಕಿನಂತೆ ಉದುರುತ್ತಿತ್ತು. ಇಟ್ಟಲ್ಲೇ ತೇವ ಹೀರಿ ಅದು ಹಾಳಾಗುತ್ತದಂತೆ. ಬ್ಯಾಗಿನ ಲಾಡಿ ಕಿತ್ತು ಸುತ್ತಿಕೊಂಡು ಕುಂಟುತ್ತಾ ಬಂದೆ. ಹೋಗುವ ಮುಂಚೆ ನೀವು ಹಾಕುವ ಶೂನಲ್ಲೇ ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲು ಎರಡು ಸಲ ಹತ್ತಿಳಿಯಿರಿ.

ಇನ್ನೊಬ್ಬರು ಇದೇ ಥ್ರೆಡ್‌ನಲ್ಲಿ ಜುಲೈನಲ್ಲಿ ಹಸಿರು ಚೆನ್ನಾಗಿರುತ್ತದೆ, ಆಗ ಹೋಗೋಣ ಎಂದಿದ್ದಾರೆ. ಖಂಡಿತ ಬೇಡ. ಮಳೆಗಾಲದಲ್ಲಿ ಅದು ದಾರಿಯಲ್ಲ, ನೀರಿನ ಕೊಳವೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಆಂಟೆಲೋಪ್ ಎಂಬ ಇಂಥದೇ ಸಂದಿ ಇದೆ. 1997ರ ಆಗಸ್ಟ್‌ನಲ್ಲಿ ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ. ಒಳಗಿದ್ದ 11 ಜನ ಕೊಚ್ಚಿ ಹೋಗಿ ಸತ್ತರು. ಡಿಸೆಂಬರ್‌ನಲ್ಲೂ ಅಕಾಲ ಮಳೆಯ ಮುನ್ಸೂಚನೆ ಇದ್ದರೆ ಮುಂದೂಡಿ.

ತಲೆಗೆ ಮೂರು ಲೀಟರ್ ನೀರು, ಮಗಳಿಗೆ ಎರಡು ಜೊತೆ ಒಣ ಕಾಲುಚೀಲ, ಒಂದು ಟವೆಲ್. ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಖಾಲಿ ಚೀಲ ವಾಪಸ್ ತನ್ನಿ. ತಾರೀಕು ಗೊತ್ತಾದರೆ ತಿಳಿಸಿ, ನನ್ನ ಹತ್ತಿರ ಮಕ್ಕಳ ಹೆಲ್ಮೆಟ್ ಒಂದಿದೆ.